ನವಮಿಯಂದು ಯಂತ್ರವನ್ನು ಎಬ್ಬಿಸಬೇಡಿ

ಕಡವಿನಬಾಗಿಲು ಬಂದರು,
ಮೌನಶಕೆ ನೂರಾ ಇಪ್ಪತ್ತಾರು, ಆಶ್ವಯುಜ ಶುದ್ಧ ಮರುನವಮಿ, ವಾರವಿಲ್ಲದ ದಿನ.

ತೀರ್ಥರೂಪ ವಿಠೋಬಜ್ಜನವರಿಗೆ, ನಿಮ್ಮ ಮಗನ ಮೊಮ್ಮಗಳ ಮಗಳಾದ ನೀಲಾವತಿಯ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕ್ಷೇಮವನ್ನೂ ಕೇಳಿ ಬರೆಯುವುದು ಪದ್ಧತಿ. ಆದರೆ ನಿಮಗೆ ಏನಾಯಿತೆಂದು ನನಗೆ ಗೊತ್ತಿರುವುದರಿಂದ ಕೇಳುವುದಕ್ಕೆ ಮನಸ್ಸು ಬರುವುದಿಲ್ಲ. ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವಳ ಕಾಗದ ಎಂದುಕೊಳ್ಳಬೇಡಿ. ನಮ್ಮ ಊರಿನಲ್ಲಿ ನವಮಿಗೂ ದಶಮಿಗೂ ನಡುವೆ ಇನ್ನೊಂದು ದಿನ ಇದೆ. ಅದಕ್ಕೆ ಮರುನವಮಿ ಎನ್ನುತ್ತೇವೆ. ನಿನ್ನೆ ಸೋಮವಾರ, ನಾಳೆ ಮಂಗಳವಾರ, ಇವತ್ತು ಯಾವ ವಾರವೂ ಅಲ್ಲ. ಈ ಹೆಚ್ಚುವರಿ ದಿನವನ್ನು ಹೇಗೆ ಹೊಂದಿಸುತ್ತೀರಿ ಎಂದು ಪಂಚಾಂಗ ಬರೆಯುವ ಭಟ್ಟರನ್ನು ಕೇಳಿದರೆ ಅವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ. ನಮ್ಮ ಮೌನಶಕೆ ಶುರುವಾದದ್ದು ಊರು ಸುಟ್ಟ ವರ್ಷದಿಂದ, ಊರು ಸುಟ್ಟದ್ದು ಈ ದಿನ. ಅದನ್ನು ಯಾವ ವಾರದ ಪಾಲಿಗೂ ಹಾಕಬಾರದೆಂದು ಹಿರಿಯರು ತೀರ್ಮಾನಿಸಿದರಂತೆ.

ಈ ದಿನ ಎಲ್ಲರೂ ಹಿಂದೋಲೆ ಬರೆಯುತ್ತಾರೆ. ಎಂದರೆ ಹಿಂದಿನವರಿಗೆ ಓಲೆ. ಸತ್ತವರಿಗೆ, ಸಾಯುವ ಮುಂಚಿನ ಕಾಲಕ್ಕೆ ತಲುಪಲೆಂದು ಬರೆದು, ಗುಡ್ಡದ ಮೇಲೆ ನಿಮ್ಮ ಯಂತ್ರ ನಿಂತಿದ್ದ ಗುಂಡಿಯಲ್ಲಿ ಒಂದು ಮಣ್ಣಿನ ಗಡಿಗೆಗೆ ಹಾಕಿ ಮರಳು ಮುಚ್ಚುತ್ತಾರೆ. ಅದು ತಲುಪುತ್ತದೆಂದು ಯಾರೂ ನಂಬಿಲ್ಲ. ಆದರೂ ಬರೆಯದೆ ಇರುವವರನ್ನು ನಾನು ನೋಡಿಲ್ಲ. ನಾನು ಮಾತ್ರ ಇದುವರೆಗೆ ನಿಮಗೆ ಬರೆದಿರಲಿಲ್ಲ, ಅಜ್ಜ. ನಿಮ್ಮ ಮೇಲೆ ನನಗೆ ಸಿಟ್ಟಿತ್ತು.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಬೇಕು. ನಾವು ಅಲೆಮಡಿಯಲ್ಲಿ ಇರುವವರು. ನಿಮ್ಮ ಮನೆಗಳಲ್ಲಿ ನೀರಿಗೆ, ಬಟ್ಟೆಗೆ ಮಡಿ ಇದ್ದ ಹಾಗೆ ನಮ್ಮ ಊರಿನಲ್ಲಿ ಗಾಳಿಗೆ ಮಡಿ. ಯಾವ ಯಂತ್ರವೂ ಇಲ್ಲಿಂದ ಗಾಳಿಗೆ ಅಲೆ ಬಿಡಬಾರದು. ರೇಡಿಯೋ ಇಲ್ಲ, ನಿಮ್ಮ ಕೈಯಲ್ಲಿದ್ದಂಥ ಫೋನು ಇಲ್ಲ. ದೂರದ ಸುದ್ದಿ ನೆಲದೊಳಗಿನ ತಂತಿಯಲ್ಲಿ ಬರುತ್ತದೆ, ದೋಣಿಗಳ ಸುದ್ದಿ ಬಾವುಟದಲ್ಲಿ. ನಾನು ಹಾಯಿ ಹೊಲಿಯುವವಳು. ಹಾಯಿಯ ಮೂಲೆಯಲ್ಲಿ ಮನೆಮನೆಗೂ ಒಂದು ಬಣ್ಣದ ತುಂಡು ಹಚ್ಚುತ್ತೇನೆ, ಅದನ್ನು ನೋಡಿ ದಡದವರು ಯಾರ ದೋಣಿ ಮರಳಿತೆಂದು ತಿಳಿಯುತ್ತಾರೆ. ಆಕಾಶವನ್ನು ಕಾಯುವುದು ಕಿವಿಗೋಡೆ. ದೊಡ್ಡ ಬಟ್ಟಲನ್ನು ಕಡಲಿಗೆ ಮುಖಮಾಡಿ ನಿಲ್ಲಿಸಿದ ಹಾಗೆ ಚಿರೆಕಲ್ಲಿನಲ್ಲಿ ಕಟ್ಟಿ ಗಾರೆ ಮಾಡಿದ ಗೋಡೆಗಳು. ಬಟ್ಟಲಿನ ನಡುವೆ ಕುಳಿತವರಿಗೆ ಬಹಳ ದೂರದ ಹಾರುಗದ ಸದ್ದು ಕೇಳುತ್ತದೆ. ಹಾರುಗವೆಂದರೆ ನಿಮ್ಮ ವಿಮಾನದ ಮರಿ, ಆಳಿಲ್ಲದೆ ಬರುವಂಥದ್ದು. ಗೋಡೆ ಕೇಳುತ್ತಿರುವಾಗ ಊರು ಸದ್ದು ಮಾಡಬಾರದು. ಹಿಟ್ಟು ರುಬ್ಬುವುದಕ್ಕೆ ಮಧ್ಯಾಹ್ನ ಒಂದು ಹೊತ್ತು ಬಿಟ್ಟುಕೊಡುತ್ತಾರೆ, ಆಗ ಊರಿಗೆ ಊರೇ ಗುಡುಗುತ್ತದೆ. ಮದುವೆಗಳೆಲ್ಲ ಹಳೆಯ ಕಲ್ಲುಗಣಿಯ ತಳದಲ್ಲಿ ನಡೆಯುತ್ತವೆ, ವಾದ್ಯದ ಸದ್ದು ಮೇಲೆ ಹೋಗದಿರಲಿ ಎಂದು. ಜಗಳವೂ ಕೈಸನ್ನೆಯಲ್ಲೇ ಆಗುತ್ತದೆ. ಬೈಗುಳಕ್ಕೆ ಮಾತ್ರ ಎರಡು ಕೈ ಸಾಲದೆಂದು ನಮ್ಮ ಓಣಿಯ ಹೆಂಗಸರು ತಮಾಷೆ ಮಾಡುತ್ತಾರೆ.

ಈ ಊರಿನಲ್ಲಿ ನಮ್ಮ ಮನೆಯ ಹೆಸರು ಬರಿಮುಗಿಲಿನವರು. ಬರಿ ಮುಗಿಲಿಗೆ ಹೊಡೆದವರ ಪೈಕಿ ಎಂದು ಅರ್ಥ. ನಿಮ್ಮ ಹೆಸರನ್ನು ಯಾರೂ ಎತ್ತುವುದಿಲ್ಲ. ಕಥೆಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಗುಡ್ಡದ ಯಂತ್ರದ ಮೇಲ್ವಿಚಾರಣೆಗಿದ್ದ ಸುಬೇದಾರ ಹೆದರಿ, ಇಲ್ಲದ ವಿಮಾನಗಳಿಗೆ ಇದ್ದಬದ್ದ ಕ್ಷಿಪಣಿಗಳನ್ನೆಲ್ಲ ಹಾರಿಸಿಬಿಟ್ಟ, ನಿಜವಾದವು ಬಂದಾಗ ಅವನ ಕೈ ಖಾಲಿಯಾಗಿತ್ತು ಎಂದು. ಬಂದರು, ಎಣ್ಣೆಯ ಟ್ಯಾಂಕುಗಳು, ಮೀನು ಹರಾಜಿನ ಕಟ್ಟೆ, ಕಟ್ಟೆಯ ಮೇಲಿದ್ದ ಹೆಂಗಸರು ಮಕ್ಕಳು, ಎಲ್ಲ ಹೋಯಿತು. ನಿಮ್ಮ ಮಗಳು ಸುಮತಿಯೂ ಆ ಕಟ್ಟೆಯ ಮೇಲಿದ್ದಳು. ನೀವು ಆಮೇಲೆ ಬಹಳ ವರ್ಷ ಬದುಕಿದಿರಂತೆ. ಗುಡ್ಡ ಹತ್ತಲಿಲ್ಲ, ಕಡಲಿಗೂ ಹೋಗಲಿಲ್ಲ. ಯಾರು ಏನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದಿರಂತೆ.

“ಇದ್ದವು. ನಾ ಕಣ್ಣಾರೆ ನೋಡಿದ್ದೆ.”

ಈ ಮಾತನ್ನು ನಂಬಿದವರು ನಿಮ್ಮ ಮನೆಯವರು ಮಾತ್ರ. ನಾವೂ ಎಷ್ಟು ನಂಬಿದ್ದೆವೋ ಗೊತ್ತಿಲ್ಲ, ನಂಬಬೇಕಿತ್ತು ಅಷ್ಟೆ. ಮರುನವಮಿಯ ಸಂಜೆ ಗುಡಿಯ ಅಂಗಳದಲ್ಲಿ ಸತ್ತವರ ಹೆಸರು ಓದುವಾಗ ನಮ್ಮ ಮನೆಯವರು ಪೌಳಿಯ ಹೊರಗೆ ಕಡಲಿಗೆ ಮುಖಮಾಡಿ ನಿಲ್ಲಬೇಕು. ಸುಮತಿಯ ಹೆಸರು ಬಂದಾಗಲೂ ತಿರುಗಿ ನೋಡುವಂತಿಲ್ಲ. ನಮ್ಮ ಮನೆಯವರನ್ನು ಕಿವಿಗೋಡೆಗೆ ತೆಗೆದುಕೊಳ್ಳುವುದೂ ಇಲ್ಲ. ನನಗೆ ಅದರ ಆಸೆ ಇರಲಿಲ್ಲ, ಸೂಜಿ ದಾರ ಸಾಕಾಗಿತ್ತು. ಆದರೆ ನನ್ನ ಮಗಳು ಮಂದಾರಳಿಗೆ ಇದೆ. ಎಂಥ ಕಿವಿ ಅಂತೀರಿ ಅವಳದು. ಮಂಜಿನೊಳಗೆ ಬರುವ ದೋಣಿ ಯಾರದೆಂದು ಹುಟ್ಟಿನ ಸದ್ದಿನಿಂದಲೇ ಹೇಳುತ್ತಾಳೆ. ಗೋಡೆಯವರು ಅವಳನ್ನು ಮೂರು ಸಲ ಪರೀಕ್ಷೆ ಮಾಡಿ, ಮೂರು ಸಲವೂ ತಲೆದೂಗಿ, ಮನೆಯ ಹೆಸರು ಕೇಳಿ ಕಳಿಸಿದರು. ಮೂರನೆಯ ಸಲ ಅವಳು ಬಂದು ನನ್ನ ಪಕ್ಕ ಕುಳಿತು ಒಂದು ಹಾಯಿ ಪೂರ್ತಿ ಹೊಲಿದಳು. ಆ ದಿನ ನಿಮ್ಮನ್ನು ನಾನು ಬಾಯಿಬಿಟ್ಟು ಶಪಿಸಿದೆ, ಅಜ್ಜ. ಅದಕ್ಕೆ ಕ್ಷಮೆ ಕೇಳುವುದು ಈ ಓಲೆಯ ಒಂದು ಕಾರಣ.

ಈ ಮಳೆಗಾಲ ಕಳೆದ ಮೇಲೆ ಮಾರುನಾಡಿನಿಂದ ಒಬ್ಬ ಮುದುಕಿ ಬಂದಳು. ನಿಮಗೆ ಯಂತ್ರ ಮಾರಿದ ದೇಶವನ್ನು ನಾವು ಹಾಗೆ ಕರೆಯುತ್ತೇವೆ. ಅವಳ ಹೆಸರು ಓರ್ಸಾ. ನಮ್ಮ ಮಾತನ್ನು ತಕ್ಕಮಟ್ಟಿಗೆ ಕಲಿತುಕೊಂಡೇ ಬಂದಿದ್ದಳು. ಯಾರನ್ನು ನೋಡಬೇಕೆಂದು ಕೇಳಿದರೆ ವಿಠೋಬನ ಮನೆಯವರನ್ನು ಎಂದಳಂತೆ. ನಮ್ಮ ಜಗಲಿಯ ಮೇಲೆ ಕೂತು, ನೀರು ಬೆಲ್ಲ ತೆಗೆದುಕೊಂಡು, ತಾನು ಸೀಲುಸಾಹೇಬನ ಮೊಮ್ಮಗಳು ಎಂದಳು. ನಿಮಗೆ ನೆನಪಿರಬೇಕು. ಮಾರುನಾಡಿನಿಂದ ಯಂತ್ರದ ಜೊತೆ ಬಂದ ಆ ಕೆಂಪು ಮುಖದ ಎಂಜಿನಿಯರು. ಯಂತ್ರದ ಹೊಟ್ಟೆಯಲ್ಲಿದ್ದ ಒಂದು ಪೆಟ್ಟಿಗೆಗೆ ಸೀಸದ ಸೀಲು ಹಾಕಿ, ಅದನ್ನು ಯಾರೂ ಮುಟ್ಟಿಲ್ಲವೇ ಎಂದು ನೋಡುವುದಕ್ಕೇ ವರ್ಷವರ್ಷ ಬರುತ್ತಿದ್ದವನು. ಅವನಿಗೆ ಆ ಹೆಸರಿಟ್ಟದ್ದು ನಿಮ್ಮ ಊರಿನವರೇ.

ಅವಳು ಹೇಳಿದ್ದನ್ನು ಹಾಯಿ ಹೊಲಿಯುವವಳಿಗೆ ತಿಳಿದಷ್ಟು ಬರೆಯುತ್ತೇನೆ. ನಿಮ್ಮ ಯಂತ್ರ, ಆ ರೇಡಾರ್, ಬರಿ ಕಣ್ಣಲ್ಲ, ಕೂಗುವ ಬಾಯಿ ಕೂಡ. ಕೂಗುತ್ತದೆ, ಕೂಗು ವಿಮಾನಕ್ಕೆ ಬಡಿದು ಮರಳುತ್ತದೆ, ಮರಳಿದ ದನಿಯನ್ನು ನೋಡಿ ಪರದೆಯ ಮೇಲೆ ಹಸಿರು ಚುಕ್ಕೆ ಇಡುತ್ತದೆ. ಆ ದನಿ ಹೇಗಿದೆಯೆಂದು ವೈರಿಗೆ ತಿಳಿದರೆ ಅವನು ಅದೇ ದನಿಯನ್ನು ತನ್ನ ಯಂತ್ರದಿಂದ ಮರಳಿ ಕಳಿಸಬಹುದು. ಆಗ ಇಲ್ಲದ ವಿಮಾನಗಳ ಚುಕ್ಕೆಗಳು ಪರದೆಯ ತುಂಬ ಏಳುತ್ತವೆ. ಇದ್ದದ್ದರ ಚುಕ್ಕೆಗೂ ಇಲ್ಲದ್ದರ ಚುಕ್ಕೆಗೂ ಕೂದಲಿನಷ್ಟೂ ವ್ಯತ್ಯಾಸವಿರುವುದಿಲ್ಲ. ಅದಕ್ಕೇ ಯಂತ್ರಕ್ಕೆ ಎರಡು ದನಿ ಕೊಟ್ಟಿದ್ದರು, ದಿನದಿನದ ಅಭ್ಯಾಸಕ್ಕೆ ಒಂದು, ಯುದ್ಧಕ್ಕೆ ಒಂದು. ಯುದ್ಧದ ದನಿಯನ್ನು ಯುದ್ಧ ಬರುವ ತನಕ ಗಾಳಿಗೆ ಬಿಡಬಾರದು. ಮಾರುನಾಡಿನವರು ತಮ್ಮ ಮನೆಯಲ್ಲಿಟ್ಟುಕೊಂಡ ಯಂತ್ರದಲ್ಲಿ ಈ ದನಿ ದಿನಕ್ಕೊಂದು ತರಹ ಬದಲಾಗುತ್ತಿತ್ತಂತೆ. ಹೊರಗೆ ಮಾರಿದ್ದರಲ್ಲಿ ಬದಲಾಗುತ್ತಿರಲಿಲ್ಲ. ಬದಲಿಸುವ ಭಾಗವೇ ಆ ಸೀಲಿನ ಪೆಟ್ಟಿಗೆಯೊಳಗೆ ಬೀಗ ಬಿದ್ದು ಕೂತಿತ್ತು. ಮಾರಿದ ವಸ್ತು ನಾಳೆ ತಮ್ಮ ಮೇಲೇ ತಿರುಗೀತು ಎಂಬ ಹೆದರಿಕೆ ಅವರಿಗೆ. ನಿಮಗೆ ಕಣ್ಣು ಮಾರಿದರು, ರೆಪ್ಪೆಯನ್ನು ತಾವೇ ಇಟ್ಟುಕೊಂಡರು.

ಇದನ್ನು ಕೇಳಿ ನಾನು ಅತ್ತೆ. ನೀವು ಹೆದರಿರಲಿಲ್ಲ. ಪರದೆಯ ಮೇಲೆ ಅವು ಇದ್ದವು, ನೀವು ಕಣ್ಣಾರೆ ನೋಡಿದ್ದಿರಿ. ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾರಿಸುತ್ತಿದ್ದರು. ಓರ್ಸಾ ಇಷ್ಟನ್ನು ಕೂಟದ ಮುಂದೆ ಹೇಳಿದಳು. ಕೂಟವೆಂದರೆ ನಮ್ಮ ಊರಿನ ಪಂಚಾಯಿತಿ. ಗೋಡೆಯ ಹಿರಿಯ ಹಮ್ಮಣ್ಣ, ಈ ಮರುನವಮಿಗೆ ಬರಿಮುಗಿಲಿನವರು ಪೌಳಿಯ ಒಳಗೆ ಬರಲಿ, ಮಂದಾರ ದಶಮಿಯಂದು ಗೋಡೆಗೆ ಬರಲಿ ಎಂದ. ಮಂದಾರ ಮನೆಗೆ ಬಂದು ರುಬ್ಬುವ ಹೊತ್ತಲ್ಲದ ಹೊತ್ತಿನಲ್ಲಿ ಗಟ್ಟಿಯಾಗಿ ನಕ್ಕಳು. ಅವಳ ಬಾಯಿ ಮುಚ್ಚಲು ಹೋಗಿ ನಾನೂ ನಕ್ಕೆ.

ಉಳಿದರ್ಧವನ್ನು ಓರ್ಸಾ ನನ್ನೊಬ್ಬಳಿಗೇ ಹೇಳಿದಳು, ಮಾರನೆಯ ದಿನ, ನಾನು ಹಾಯಿಗೆ ಅಂಚು ಮಡಚುತ್ತಿದ್ದಾಗ. ವೈರಿಗೆ ಯುದ್ಧದ ದನಿ ಸಿಕ್ಕಿದ್ದು ಹೇಗೆ ಎನ್ನುವುದನ್ನು.

ಅಜ್ಜ, ಅದು ನಿಮ್ಮ ಆಯುಧಪೂಜೆಯಿಂದ ಸಿಕ್ಕಿತು. ಮಲಗಿದ ಯಂತ್ರಕ್ಕೆ ಪೂಜೆ ಮಾಡುವುದು ಬಾಗಿಲು ಹಾಕಿದ ಗುಡಿಗೆ ಆರತಿ ಎತ್ತಿದ ಹಾಗೆ ಎಂದು ನೀವು ಹೇಳುತ್ತಿದ್ದಿರಂತೆ. ತಾಯಿ ಪೂರ್ಣರೂಪದಲ್ಲಿ ಎಚ್ಚರವಿರಬೇಕು ಎಂದು ಪ್ರತಿ ನವಮಿಗೂ ಆರತಿಯ ಹೊತ್ತಿಗೆ ಯಂತ್ರವನ್ನು ಯುದ್ಧದ ದನಿಗೆ ತಿರುಗಿಸುತ್ತಿದ್ದಿರಿ. ಕುಂಬಳಕಾಯಿ ಒಡೆಯುವ ತನಕ ಅದು ಕೂಗುತ್ತಿತ್ತು. ಊರಿನವರೆಲ್ಲ ಗುಡ್ಡ ಹತ್ತಿ ಬರುತ್ತಿದ್ದರು. ಮಕ್ಕಳನ್ನು ಸಾಲಾಗಿ ಒಳಗೆ ಬಿಟ್ಟು ಪರದೆಯ ಮೇಲೆ ಅವರವರ ಮನೆಯ ದೋಣಿ ತೋರಿಸುತ್ತಿದ್ದಿರಿ. ಸುಮತಿ ಸ್ಟೂಲಿನ ಮೇಲೆ ನಿಂತು ದೊಡ್ಡಪ್ಪನ ದೋಣಿ ತೋರಿಸಿ ಎಂದು ಮೊದಲು ಕೇಳುತ್ತಿದ್ದಳಂತೆ. ಅಭ್ಯಾಸದ ದನಿಗೆ ಸಣ್ಣ ದೋಣಿಗಳು ಕಾಣುತ್ತಿರಲಿಲ್ಲ, ಯುದ್ಧದ ದನಿಗೆ ಕಾಣುತ್ತಿದ್ದವು. ಹೀಗಾಗಿ ಅದು ಪೂಜೆಯೂ ಆಯಿತು, ಮಕ್ಕಳ ಹಬ್ಬವೂ ಆಯಿತು.

ಪ್ರತಿ ನವರಾತ್ರಿಗೂ ಬಂದರಿನ ಹೊರಗೆ ಒಂದು ಸರಕಿನ ಹಡಗು ಎಂಜಿನ್ ಕೆಟ್ಟಿದೆಯೆಂದು ಲಂಗರು ಹಾಕುತ್ತಿತ್ತಂತೆ. ಹಬ್ಬದ ದಿನ ಕಡಲಲ್ಲಿ ಸಿಕ್ಕಿಕೊಂಡವರು ಪಾಪ ಎಂದು ಊರಿನವರು ಒಂದು ದೋಣಿಯಲ್ಲಿ ಅವರಿಗೂ ಪಂಚಕಜ್ಜಾಯ ಕಳಿಸುತ್ತಿದ್ದರಂತೆ. ಆ ಹಡಗು ಕೇಳಿಸಿಕೊಳ್ಳುತ್ತಿತ್ತು. ಕೊನೆಯ ವರ್ಷವೂ ಬಂದು, ದನಿ ಹಳೆಯದೇ ಇದೆಯೆಂದು ಖಾತ್ರಿ ಮಾಡಿಕೊಂಡು, ಪ್ರಸಾದ ತಿಂದು ಹೋಯಿತು. ಮರುದಿನ ಬೆಳಿಗ್ಗೆ ನಿಮ್ಮ ಪರದೆ ತುಂಬಿತು.

ಸೀಲುಸಾಹೇಬ ಒಂದು ನವಮಿಗೆ ಅಲ್ಲೇ ಇದ್ದನಂತೆ. ನೀವು ಯುದ್ಧದ ದನಿಯ ಗುಂಡಿ ತಿರುಗಿಸಿದ್ದನ್ನು ನೋಡಿದ. ಅದು ನಿಷಿದ್ಧ ಎಂದು ಮೊದಲೇ ನಿಮಗೆ ಹೇಳಿದ್ದ. ಏಕೆ ನಿಷಿದ್ಧ ಎಂದು ಹೇಳುವುದಕ್ಕೆ ಅವನಿಗೆ ಅಪ್ಪಣೆ ಇರಲಿಲ್ಲ. ಕಾರಣ ಹೇಳಿದರೆ, ನಮ್ಮದರಲ್ಲಿ ದನಿ ಏಕೆ ಬದಲಾಗುವುದಿಲ್ಲ ಎಂದು ನೀವು ಕೇಳುತ್ತಿದ್ದಿರಿ. ನಿಷಿದ್ಧವೆಂದರೆ ನಿಮಗೆ ಮಡಿಯ ಹಾಗೆ ಕೇಳಿಸಿತೋ ಏನೋ, ದೇವರ ಕೆಲಸಕ್ಕೆ ಮಡಿ ಅಡ್ಡಬರುವುದಿಲ್ಲ ಎಂದುಕೊಂಡಿರಿ. ಓರ್ಸಾ ತನ್ನ ಅಜ್ಜನ ಮಾತನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ.

“ಆಗ ನನ್ನ ಬಾಯಿ ತುಂಬ ಪ್ರಸಾದ ಇತ್ತು, ಅದಕ್ಕೇ ಮಾತಾಡಲಿಲ್ಲ ಅಂತ ಹೇಳಿ ನಗುತ್ತಿದ್ದ. ಆಮೇಲೆ ಅಳುತ್ತಿದ್ದ. ನಾನು ಚಿಕ್ಕವಳು, ಯಾಕೆಂದು ತಿಳಿಯುತ್ತಿರಲಿಲ್ಲ.”

ಇದನ್ನು ಕೂಟದಲ್ಲಿ ಹೇಳುವುದೋ ಬಿಡುವುದೋ ಎನ್ನುವುದನ್ನು ಅವಳು ನನಗೇ ಬಿಟ್ಟಳು. ಬಿಡುವುದಕ್ಕೆ ನನಗೆ ಎಷ್ಟು ಮನಸ್ಸಿತ್ತು ಎಂದರೆ, ಅಂಚು ಮಡಚುತ್ತ ಬೆರಳಿಗೆ ಸೂಜಿ ಚುಚ್ಚಿಕೊಂಡದ್ದೇ ಗೊತ್ತಾಗಲಿಲ್ಲ. ಅರ್ಧ ಸತ್ಯದಲ್ಲಿ ನೀವು ನಿರ್ದೋಷಿ, ಮಂದಾರ ಕಿವಿಗೋಡೆಯಲ್ಲಿ. ಉಳಿದರ್ಧ ಹೇಳಿದರೆ ಎಲ್ಲ ಹೋಗುತ್ತದೆ. ಅದು ಹಳೆಯ ಮಾತು, ಸತ್ತವರೊಂದಿಗೆ ಹೋಗಲಿ ಎಂದುಕೊಳ್ಳಬಹುದಿತ್ತು.

ಆದರೆ ಅದು ಹಳೆಯ ಮಾತಾಗಿ ಉಳಿದಿಲ್ಲ. ಈಗಿನ ಹಾರುಗಗಳು ಸದ್ದಿಲ್ಲದೆ ತೇಲಿಬರುತ್ತವೆ, ಕಿವಿಗೋಡೆಗೆ ಅವು ಕೇಳುವುದಿಲ್ಲ. ಅದಕ್ಕೆ ಕೂಟ ಅಲೆಮಡಿ ಮುರಿದು, ಇನ್ನೊಂದು ದೇಶದಿಂದ ಒಂದು ಮುಗಿಲಗಣ್ಣನ್ನು, ಎಂದರೆ ನಿಮ್ಮದರಂಥದೇ ಹೊಸ ಯಂತ್ರವನ್ನು ಕೊಂಡಿದೆ. ಅದು ಪೆಟ್ಟಿಗೆಗಳಲ್ಲಿ ಬಂದರಿಗೆ ಬಂದಿಳಿದಿದೆ. ಅದರ ಹೊಟ್ಟೆಯಲ್ಲೂ ಬೀಗ ಹಾಕಿದ ಒಂದು ಸೀಲಿನ ಪೆಟ್ಟಿಗೆ ಇದೆ. ಜೊತೆಗೆ ಬಂದವರು ಎರಡನೆಯ ದನಿ ನಿಷಿದ್ಧ ಎಂದಷ್ಟೇ ಹೇಳಿ ನಕ್ಕರಂತೆ. ಊರಿನವರು ಹೂವಿಗೆ ಹೇಳಿಯಾಗಿದೆ. ದಶಮಿಯಂದು ಅದನ್ನು ಪೂರ್ಣವಾಗಿ ಎಬ್ಬಿಸಿ ಆರತಿ ಎತ್ತಬೇಕು, ಮಕ್ಕಳಿಗೆ ದೋಣಿ ತೋರಿಸಬೇಕು ಎಂದು ನಮ್ಮ ಓಣಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಅಜ್ಜ. ನಿಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮವರಿಗೆ ಪ್ರೀತಿ ಬಂದರೆ ಹೀಗೇ ತೋರಿಸುವುದು.

ನಿನ್ನೆ ನಾನು ಕೂಟಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಹೋಗುವ ಮುಂಚೆ ಮಂದಾರಳಿಗೆ ಹೇಳಿದ್ದೆ. ಅವಳು ನನ್ನ ಸೆರಗಿಗೆ ಅಂಟಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ತೆಗೆದು, ಕೂಟಕ್ಕೆ ಹೀಗೆ ಹೋಗ್ಬೇಡ ಎಂದಳು. ಅದೇ ಅವಳ ಒಪ್ಪಿಗೆ ಎಂದು ತಿಳಿದೆ. ನನ್ನ ಮಾತು ಮುಗಿದ ಮೇಲೆ ಹಮ್ಮಣ್ಣ ಕೋಪವಿಲ್ಲದೆ ಹೇಳಿದ.

“ನೀಲಕ್ಕ, ನೀ ಅರ್ಧಕ್ಕೇ ನಿಲ್ಸಿದ್ರೆ ನಾವ್ಯಾರೂ ಕೇಳ್ತಿರ್ಲಿಲ್ಲ.”

“ಹೌದು,” ಎಂದೆ. “ಅದ್ಕೇ ಹೇಳ್ದೆ.”

ಹೂವಿಗೆ ಹೇಳಿದ್ದನ್ನು ಬೇಡವೆಂದರು. ನಿಷಿದ್ಧದ ಕಾರಣವನ್ನೂ ಪೆಟ್ಟಿಗೆಯ ಬೀಗದ ಕೈಯನ್ನೂ ಕೊಡುವ ತನಕ ಮುಗಿಲಗಣ್ಣನ್ನು ಗುಡ್ಡಕ್ಕೆ ಏರಿಸುವುದಿಲ್ಲ ಎಂದು ಮಾರಲು ಬಂದವರಿಗೆ ತಿಳಿಸಿದರು. ಅವರು ಇನ್ನೂ ಒಪ್ಪಿಲ್ಲ, ಒಪ್ಪುವ ಲಕ್ಷಣವೂ ಕಾಣುವುದಿಲ್ಲ. ಅಲ್ಲಿಯ ತನಕ ನಮ್ಮ ತಲೆಯ ಮೇಲೆ ಬರಿ ಮುಗಿಲೇ. ನಮ್ಮ ಮನೆಯ ವಿಷಯಕ್ಕೆ ಬಂದಾಗ, ಆ ಕಟ್ಟೆಯ ಮೇಲೆ ಸತ್ತವರ ಮನೆಯವರು ಒಬ್ಬೊಬ್ಬರಾಗಿ ತಲೆ ಅಲ್ಲಾಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಹೊರಗೇ ಇರಬೇಕು, ಮಂದಾರ ಗೋಡೆಗೆ ಬರಬಾರದು ಎಂದು ಆಯಿತು. ಅವಳು ಇವತ್ತು ಬೆಳಿಗ್ಗೆಯಿಂದ ಮಂಜಿನ ಕಡೆ ಬೆನ್ನು ಮಾಡಿ ಕೂತಿದ್ದಾಳೆ. ಆದರೂ ಯಾವ ದೋಣಿ ಬಂತೆಂದು ಅವಳಿಗೆ ಗೊತ್ತಾಗುತ್ತಿದೆ. ಅವಳ ತುಟಿ ಅಲ್ಲಾಡುವುದನ್ನು ನಾನು ನೋಡುತ್ತಿದ್ದೇನೆ.

ಸಂಜೆ ಹೆಸರು ಓದುತ್ತಾರೆ. ಈ ಸಲ ಪೌಳಿಯ ಹೊರಗೆ ನಮ್ಮ ಜೊತೆ ಓರ್ಸಾಳೂ ನಿಲ್ಲುತ್ತಾಳಂತೆ. ಅವಳನ್ನು ಯಾರೂ ಹೊರಗೆ ನಿಲ್ಲು ಎಂದಿಲ್ಲ. ಮಂಡಿನೋವು, ಬಹಳ ಹೊತ್ತು ನಿಲ್ಲಲಾರಳು, ಒಂದು ಮಣೆ ಒಯ್ಯಬೇಕು.

ಅದಕ್ಕೂ ಮುಂಚೆ ಈ ಓಲೆಯನ್ನು ಗಡಿಗೆಗೆ ಹಾಕಿ ಬರುತ್ತೇನೆ. ತಲುಪುವುದಿಲ್ಲ ಎಂದು ಗೊತ್ತು. ತಲುಪಿದರೆ, ಯಂತ್ರ ಗುಡ್ಡಕ್ಕೆ ಬಂದ ಮೊದಲ ವರ್ಷವೇ, ಮೊದಲ ನವಮಿಯ ಮುಂಚೆಯೇ ತಲುಪಲಿ. ಯುದ್ಧವನ್ನು ತಡೆಯಿರಿ ಎಂದು ನಿಮ್ಮನ್ನು ಕೇಳುವುದಿಲ್ಲ, ಅದು ನಿಮ್ಮ ಕೈಯಲ್ಲಿ ಇರಲಿಲ್ಲ. ಸೀಲು ಒಡೆಯಿರಿ ಎಂದೂ ಕೇಳುವುದಿಲ್ಲ. ಪೂಜೆ ಬಿಡಬೇಡಿ. ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಕುಂಬಳಕಾಯಿ ಒಡೆಯಿರಿ. ಆದರೆ ಆ ತಾಯಿಯನ್ನು ಮಲಗಿರುವ ಹಾಗೆಯೇ ಪೂಜಿಸಿ. ನಮ್ಮ ದೇವರುಗಳೂ ಮಧ್ಯಾಹ್ನ ಮಲಗುತ್ತಾರೆ, ಆಗ ಯಾರೂ ಅವರನ್ನು ಎಬ್ಬಿಸುವುದಿಲ್ಲ.

ಸುಮತಿ ಸ್ಟೂಲು ಎಳೆದುಕೊಂಡು ಬಂದು ದೊಡ್ಡಪ್ಪನ ದೋಣಿ ತೋರಿಸು ಎಂದು ಹಟ ಮಾಡುತ್ತಾಳೆ. ಮಾಡಲಿ. ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಗುಡ್ಡದ ಅಂಚಿಗೆ ಹೋಗಿ. ಬಿಸಿಲಿಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಕಾಯಿರಿ. ಆಮೇಲೆ ಬೆರಳು ತೋರಿಸಿ, ಅಜ್ಜ. ಬೆರಳು ಸಾಕು. ಅವಳಿಗೆ ಕಾಣುತ್ತದೆ.

ಇಂತಿ ನಿಮ್ಮ,
ನೀಲಾವತಿ